ಕಡೆಯ ನುಡಿಯ ಹೆಸರು

ಕಂಪ್ಲಿಯ ಎರ್ರೆಮ್ಮನ ದನಿಯ ಬಗ್ಗೆ ಹೇಳುವಾಗ ನಾಲ್ಕಾಣೆ ಕಡಿಮೆ ಮಾಡಿಯೇ ಹೇಳಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಅವಳು ಸೇತುವೆಯ ಈ ತುದಿಯಲ್ಲಿ ನಿಂತು ಕೆಮ್ಮಿದರೆ ಸಾಕು, ಹೊಳೆಯಾಚೆ ಗಂಗಾವತಿ ಕಡೆಯ ಗದ್ದೆಗಳಿಂದ ಕೊಕ್ಕರೆಗಳು ಎದ್ದು ಹಾರುತ್ತಿದ್ದವು. ಭತ್ತದ ನಾಟಿಯ ಕಾಲದಲ್ಲಿ ಅವಳು ಒಂದು ನುಡಿ ಎತ್ತಿದರೆ ಸಸಿಗಳು ತಾವೇ ಕೆಸರಿಗೆ ಜಿಗಿದು ಸಾಲು ಹಿಡಿದು ನಿಲ್ಲುತ್ತಿದ್ದವು. ಒಂದು ವರ್ಷ ಹೊಳೆಯ ಡ್ಯಾಮಿನ ಗೇಟು ಕೊಚ್ಚಿಹೋದಾಗ ಎಂಜಿನಿಯರುಗಳು ಚೈನನ್ನು ಪರೀಕ್ಷಿಸಿದರು, ಕಂಪ್ಲಿಯ ಜನ ಮಾತ್ರ, "ನಿನ್ನಿ ಎರ್ರೆಮ್ಮ ಯಾವ ಕಡಿ ಮಾರಿ ಮಾಡಿ ಹಾಡಿದ್ಲು?" ಎಂದು ವಿಚಾರಿಸಿದರು.

ಇಂಥ ಎರ್ರೆಮ್ಮನಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಹಟ ಹಿಡಿಯಿತು. ಹಟ ಅವಳಿಗೆ ಹೊಸದಲ್ಲ. ಹುಟ್ಟುವಾಗಲೇ ಮೂರು ದಿನ ಹೊರಗೆ ಬರಲೊಲ್ಲೆ ಎಂದು ಒಳಗೇ ಕುಳಿತವಳು. ಆದರೆ ಈ ಸಲದ ಹಟ ಅವಳಿಗಾಗಿ ಅಲ್ಲ, ಸತ್ತು ಮೂವತ್ತು ವರ್ಷವಾಗಿದ್ದ ತಾಯಿ ವಿರುಪಮ್ಮನಿಗಾಗಿ.

ಅದನ್ನು ಹೊತ್ತಿಸಿದವಳು ತಂಗಿಯ ಮಗಳು ಸುಮಂಗಲಾ. ಚಿತ್ತವಾಡ್ಗಿಯ ಹುಡುಗಿ. ಎಂ.ಎ. ಮುಗಿಸಿ ಹೊಸಪೇಟೆಯ ಲೋಕಗಾನ ಸಂಶೋಧನಾ ಕೇಂದ್ರದಲ್ಲಿ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಆ ಕೇಂದ್ರದ ಬೀರುಗಳಲ್ಲಿ ಭೂಮಿಯ ಮೇಲಿನ ಅಷ್ಟೂ ಹಾಡುಗಾರರಿದ್ದಾರೆ. ಒಂದೇ ಗಂಟಲಿನಲ್ಲಿ ಎರಡು ದನಿ ಹೊರಡಿಸುವ ಮಂಗೋಲಿಯಾದವರು, ಸಮುದ್ರಕ್ಕೆ ಹೋದವರನ್ನು ನೆನೆದು ಹಾಡುವ ಪೋರ್ಚುಗಲ್ಲಿನ ಹೆಂಗಸರು, ಹಾಡು ಹೇಳಿಯೇ ಒಂಟೆ ಹಾಲು ಬಿಡುವಂತೆ ಮಾಡುವವರು. ಬೀರುವಿಗೆ ಕಿವಿ ಹಚ್ಚಿದರೆ ಇಷ್ಟೂ ಜನ ಒಳಗೆ ಜಗಳವಾಡುವುದು ಕೇಳಿಸುತ್ತದೆ ಎಂದು ವಾಚ್‌ಮನ್ ತಾಯಾಣೆ ಮಾಡುತ್ತಾನೆ.

ಒಂದು ಭಾನುವಾರ ಸುಮಂಗಲಾ ಕಂಪ್ಲಿಗೆ ಬಂದವಳೇ ಫೋನು ತೆಗೆದು ದೊಡ್ಡವ್ವನ ಕಿವಿಗೆ ಹಿಡಿದಳು.

"ಯಾರ ದನಿ ಹೇಳು ನೋಡೂಣು."

ಮೊದಲು ಗಾಳಿ. ಆಮೇಲೆ ಕೆಸರಿನಲ್ಲಿ ಕಾಲು ಕಿತ್ತಿಡುವ ಪಚಕ್ ಪಚಕ್. ಆಮೇಲೆ ಹೆಂಗಸೊಬ್ಬಳ ಗದರಿಕೆ: "ಲೇ ಎರ್ರೀ! ಸಸಿ ಒಗಿಯೇ ಇತ್ತಾಗ! ಕತ್ತಿ ಕಾಯ್ತೀಯೇನ್ ಅಲ್ಲಿ ನಿಂತು?" ಅದರ ಬೆನ್ನಿಗೇ ಹಾಡು.

ಎರ್ರೆಮ್ಮ ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಕೈಯಿಂದ ಜಾರಿತು. ಅಕ್ಕಿ ಅಂಗಳದ ತುಂಬ ಚೆಲ್ಲಿತು, ಕೋಳಿಗಳಿಗೆ ಹಬ್ಬವಾಯಿತು, ಅವಳು ಹುಶ್ ಎನ್ನಲಿಲ್ಲ. ತಾಯಿ ವಿರುಪಮ್ಮನದೊಂದೂ ಫೋಟೊ ಇರಲಿಲ್ಲ. ಹಳೆಯ ರೇಷನ್ ಕಾರ್ಡಿನಲ್ಲಿದ್ದ ಹೆಬ್ಬೆಟ್ಟೊಂದೇ ಅವಳು ಈ ಲೋಕದಲ್ಲಿದ್ದಳು ಎನ್ನುವುದಕ್ಕೆ ಗುರುತು. ಅದನ್ನೂ ಇಲಿ ತಿಂದಿತ್ತು. ಈಗ ನೋಡಿದರೆ ಅವಳು ಇಡೀ ಮನುಷ್ಯಳಾಗಿ, ಸಿಟ್ಟಿನ ಸಮೇತ, ಒಂದು ಫೋನಿನೊಳಗೆ ಕೂತಿದ್ದಾಳೆ.

"ನಲವತ್ತೆರಡು ವರ್ಷದ ಹಿಂದಿನ ಟೇಪು, ದೊಡ್ಡವ್ವ. ಯಾರೋ ಪ್ರೊಫೆಸರು ಬಂದು ತುಂಬಿಕೊಂಡು ಹೋಗಿದ್ರಂತ."

"ಬಂದಿದ್ದ ಬಂದಿದ್ದ. ಬಿಳಿ ಪ್ಯಾಂಟು ಹಾಕ್ಕೊಂಡು ಬದುವಿನ ಮ್ಯಾಲ ಕುಂತಿದ್ದ. ನನಗ ಆಗ ಹನ್ನೆರಡು. ಇದಕ್ಕ ಏನಂತ ಹೆಸರು ಬರದಾರ?"

ಸುಮಂಗಲಾ ಆ ಪ್ರಶ್ನೆ ಬರದಿರಲಿ ಎಂದೇ ದೇವರನ್ನು ಬೇಡಿಕೊಂಡು ಬಂದಿದ್ದಳು. ತಲೆ ತಗ್ಗಿಸಿ ಹೇಳಿದಳು: "ರಚನೆ, ಕಂಪ್ಲಿಯ ರೈತಕವಿ ಗಾದಿಲಿಂಗಪ್ಪ. ಹಾಡಿದವರು, ಕೂಲಿ ಹೆಂಗಸರು."

"ಯಾವ ಗಾದಿಲಿಂಗಪ್ಪ? ನಾವು ನಾಟಿ ಮಾಡ್ತಿದ್ದ ಹೊಲದ ಗೌಡ? ಅವ ಹೋ ಅಂತ ಬಾಯಿ ತಗದ್ರ ಎತ್ತು ನೊಗ ಹರಕೊಂಡು ಮನೀಗೆ ಓಡ್ತಿದ್ವು! ಅವ ಹಾಡು ಕಟ್ಟಿದ್ನಾ?"

"ಕಡೀ ನುಡಿಯಾಗ ಅವರ ಹೆಸರು ಐತಲ್ಲ. ಅದು ಅಂಕಿತ ಅಂತಾರ ನಮ್ಮ ಡೈರೆಕ್ಟರ್ ಸರ್."

ಡೈರೆಕ್ಟರ್ ಎಂದರೆ ಡಾ. ಬಸವಕುಮಾರ್. ವಚನ ಬರೆದವರು, ಕೀರ್ತನೆ ಬರೆದವರು, ಗಜಲ್ ಬರೆದವರು, ಎಲ್ಲರೂ ಕಡೆಯಲ್ಲಿ ಒಂದು ಹೆಸರಿಟ್ಟು ಇದು ನನ್ನದೆಂದು ಗುರುತು ಮಾಡುತ್ತಾರಲ್ಲ, ಆ ಅಂಕಿತದ ಬಗ್ಗೆಯೇ ಆತ ದೇಶದೇಶಗಳ ಹಾಡು ಸೋಸಿ ಒಂದು ಗ್ರಂಥ ಬರೆದಿದ್ದ. ಅದನ್ನು ಎತ್ತಲು ಇಬ್ಬರು ಹಮಾಲರು ಬೇಕು. ಕಡೆಯ ನುಡಿಯಲ್ಲಿ ಹೆಸರು ಕಂಡರೆ ಸಾಕು, ಬಸವಕುಮಾರ್ ಅದರ ಕೊರಳಿಗೆ ಕವಿ ಎಂದು ಬೋರ್ಡು ತೂಗುಹಾಕುತ್ತಿದ್ದ.

ಆದರೆ ನಾಟಿಯ ಹಾಡಿನ ದಾರಿಯೇ ಬೇರೆ. ಕಡೆಯ ಮಡಿಯಲ್ಲಿ ಕಡೆಯ ಹಿಡಿ ಸಸಿ ಊರುವಾಗ ಹೊಲದ ಯಜಮಾನ ಬದುವಿನ ಮೇಲೆ ಬಂದು ನಿಲ್ಲಬೇಕು. ಹೆಂಗಸರು ಅವನ ಹೆಸರನ್ನು ಹಾಡಿಗೆ ಸೇರಿಸಿ ಹೊಗಳುತ್ತಾರೆ. ಅವನು ಎಲೆ, ಅಡಿಕೆ, ಬೆಲ್ಲ ಕೊಡಬೇಕು. ಕೊಡುವ ತನಕ ಒಬ್ಬಳೂ ಬೆನ್ನು ನೆಟ್ಟಗೆ ಮಾಡುವುದಿಲ್ಲ, ಕೆಸರಿನಿಂದ ಕಾಲು ಕೀಳುವುದಿಲ್ಲ. ಇವತ್ತು ಗಾದಿಲಿಂಗಪ್ಪ, ನಾಳೆ ಪಕ್ಕದ ಹೊಲದ ಹೊನ್ನೂರಪ್ಪ. ಹಾಡು ಅದೇ, ಹೆಸರು ಬದುವಿನದು. ಬರಿಗೈಯಲ್ಲಿ ಬಂದ ಜಿಪುಣನಿಗೆ ಹೆಸರೂ ಇಲ್ಲ. ಅವನನ್ನು ಬಿಟ್ಟು ಅವನ ಮನೆಯ ಇನ್ನಾರನ್ನೋ ಹೊಗಳಿ ಮಾನ ಕಳೆಯುತ್ತಿದ್ದರು.

"ಕೂಲಿ ಹೆಂಗಸರಂತ ಯಾವ ತಾಯಿ ತೊಟ್ಟಿಲದಾಗ ಹೆಸರಿಟ್ಟಾಳೇ?" ಎಂದಳು ಎರ್ರೆಮ್ಮ. "ನಡಿ, ನಾಳೆ ನಿಮ್ಮ ಸರನ್ನ ನೋಡಬೇಕು."

ಮರುದಿನ ಎರ್ರೆಮ್ಮನ ಜೊತೆ ದುರ್ಗಕ್ಕನೂ ಹೊರಟಳು. ದುರ್ಗಕ್ಕ ನಾಟಿ ಗುಂಪಿನಲ್ಲಿ ಎರಡನೆಯವಳು. ಎರ್ರೆಮ್ಮ ಎತ್ತಿದ ನುಡಿಯನ್ನು ಮೊದಲು ಹಿಡಿಯುವವಳು, ಜಗಳವನ್ನು ಎರ್ರೆಮ್ಮನಿಗಿಂತ ಮೊದಲು ಹಿಡಿಯುವವಳು. ಕೇಂದ್ರದಲ್ಲಿ ಬಸವಕುಮಾರ್ ಇಬ್ಬರಿಗೂ ಕುರ್ಚಿ ಹಾಕಿಸಿದ, ಚಹಾ ತರಿಸಿದ, ಎಲ್ಲವನ್ನೂ ಕೇಳಿದ. ಕೇಳಿ, ಗೋಡೆಯ ಮೇಲಿನ ತನ್ನ ಐದು ಪ್ರಶಸ್ತಿಗಳ ಕಡೆ ಒಮ್ಮೆ ನೋಡಿಕೊಂಡ.

"ಅಮ್ಮಾ, ದನಿ ಕೇಳಿ ತಾಯಿ ಅನ್ನುವುದು ಭಾವನೆ. ಸಂಶೋಧನೆಗೆ ಆಧಾರ ಬೇಕು. ಹಾಡಿನಲ್ಲಿ ಹೆಸರಿದೆಯಲ್ಲ, ಅದು ಆಧಾರ."

"ಹಾಡಿಗಿಂತ ಮೊದಲ ನನ್ನ ಹೆಸರು ಹಿಡದು ಬೈದಾಳಲ್ರೀ. ಅದು ಆಧಾರ ಅಲ್ಲೇನ್ರಿ?"

"ಅದು ಗದ್ದಲ. ಶುದ್ಧ ಪ್ರತಿಯಲ್ಲಿ ಗಾಳಿ, ಕೆಸರು, ಕೂಗು ಎಲ್ಲ ತೆಗೆಸಿದ್ದೇವೆ." ಬಾಗಿಲಲ್ಲಿದ್ದ ಸುಮಂಗಲಾಳ ಕಡೆ ತಿರುಗಿದ. "ಮೂಲ ಪ್ರತಿಯನ್ನು ಹೊರಗೆ ಒಯ್ಯುವ ಹಾಗಿಲ್ಲ, ಗೊತ್ತಲ್ಲ? ಇನ್ನೊಮ್ಮೆ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಿ."

ಸುಮಂಗಲಾ ಫೋನನ್ನು ಬ್ಯಾಗಿನ ಅಡಿಗೆ ತಳ್ಳಿದಳು.

"ಬರ್ರಿ ಯಕ್ಕ, ಈ ಬದು ಗಟ್ಟಿ ಐತಿ," ಎಂದು ದುರ್ಗಕ್ಕ ಎದ್ದಳು.

"ಹಾಗೆಲ್ಲ ಬೇಸರ ಬೇಡಿ," ಎಂದ ಬಸವಕುಮಾರ್. "ಹದಿನೈದು ದಿನಕ್ಕೆ ನಮ್ಮಲ್ಲಿ ಸಮ್ಮೇಳನ ಇದೆ, ಹೊರದೇಶದವರೂ ಬರುತ್ತಾರೆ. ಗಾದಿಲಿಂಗಪ್ಪನವರ ಮೊಮ್ಮಗನಿಗೆ ಶಾಲು ಹೊದಿಸುತ್ತಿದ್ದೇವೆ. ನಿಮ್ಮ ತಂಡ ಬಂದು ಅವರ ಹಾಡನ್ನು ಹಾಡಿ ತೋರಿಸಲಿ. ಜೀವಂತ ಪರಂಪರೆ!"

ದುರ್ಗಕ್ಕನ ಬಾಯಿ ತೆರೆಯುವ ಮುಂಚೆ ಎರ್ರೆಮ್ಮ ಅವಳ ಕಾಲು ತುಳಿದಳು.

"ಬರ್ತೀವ್ರಿ ಸರ. ಕಡೀ ಹಿಡಿ ಊರೂ ತನಕ ಬದುವಿನ ಮ್ಯಾಲ ನೀವು ನಿಂತಿರಬೇಕು, ಅಷ್ಟ."

ಬಸವಕುಮಾರ್ ನಕ್ಕು ಒಪ್ಪಿಕೊಂಡ. ಅದೊಂದು ಚೆಂದದ ಹಳ್ಳಿಯ ಮಾತು ಎಂದುಕೊಂಡು ಡೈರಿಯಲ್ಲಿ ಬರೆದೂಕೊಂಡ.

ಸಮ್ಮೇಳನದ ದಿನ ಎರಡು ಟಂಟಂ ಆಟೋಗಳಲ್ಲಿ ಹತ್ತೊಂಬತ್ತು ಹೆಂಗಸರು ಕಂಪ್ಲಿಯಿಂದ ಬಂದಿಳಿದರು. ಹೊಸಪೇಟೆ ಹುಟ್ಟಿದಂದಿನಿಂದ ಅಷ್ಟು ದೊಡ್ಡ ಸಭೆ ಸೇರಿರಲಿಲ್ಲ. ಹಂಪಿ ಕಟ್ಟಿದ ಕಾಲದಲ್ಲಿ ಬಂದುಹೋದ ಪರದೇಶಿಗಳೆಲ್ಲ ವಂಶಸಮೇತ ತಿರುಗಿ ಬಂದ ಹಾಗಿತ್ತು. ಮಂಗೋಲಿಯಾದವನೊಬ್ಬ ಎರಡು ದನಿಯಲ್ಲಿ ಹಾಡಿ ತೋರಿಸಿದಾಗ ದುರ್ಗಕ್ಕ, "ಹೊಟ್ಟಿಯಾಗ ಇನ್ನೊಬ್ಬನ್ನ ಇಟ್ಟಾನೇನ್ ನೋಡ್ರೇ!" ಎಂದಳು. ಆದರೂ ಚಪ್ಪಾಳೆಯನ್ನು ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅವಳೇ.

ಬಸವಕುಮಾರ್ ಮೈಕಿನ ಮುಂದೆ ಬಂದ. ಹಾಡುಗಾರ ಮರೆಯಾದರೂ ಅಂಕಿತ ಮರೆಯಾಗದು ಎಂದ. ಪರ್ಷಿಯಾ ಎಂದ, ಪಂಢರಪುರ ಎಂದ, ಕಡೆಗೆ ಕಂಪ್ಲಿಗೆ ಬಂದ. ಟೇಪು ಹಾಡಿತು. ಗಾಳಿಯಿಲ್ಲ, ಕೆಸರಿಲ್ಲ, ಬೈಗುಳವಿಲ್ಲ, ಸೋಪು ಹಾಕಿ ತೊಳೆದಂಥ ದನಿ.

*ಬದುವಿನ ಮ್ಯಾಲ ನಿಂತಾನ ಬಂಗಾರ*
*ಗಾದಿಲಿಂಗಪ್ಪನ ಕೈ ನೋಡಿ ನಾವೀಗ*
*ಕೆಸರಾಗಿನ ಕಾಲು ಕಿತ್ತೇವು*

"ಗಮನಿಸಿ!" ಎಂದ ಬಸವಕುಮಾರ್. "ಕೆಸರು ಎಂದರೆ ಸಂಸಾರ. ಕಾಲು ಕೀಳುವುದೆಂದರೆ ಮುಕ್ತಿ. ಕಂಪ್ಲಿಯ ಒಬ್ಬ ರೈತ ಎಷ್ಟು ದೂರ ನಡೆದಿದ್ದಾನೆ!"

ಹಿಂದಿನ ಸಾಲಿನಿಂದ ದುರ್ಗಕ್ಕ, "ದಿನಾ ಹೊಲಕ್ಕೇ ನಡೀತಿದ್ದಿಲ್ಲ ಅವ, ಬಂಡಿ ಮ್ಯಾಲ ಬರ್ತಿದ್ದ," ಎಂದದ್ದು ಎರ್ರೆಮ್ಮನಿಗೆ ಮಾತ್ರ ಕೇಳಿಸಿತು.

ಗಾದಿಲಿಂಗಪ್ಪನ ಮೊಮ್ಮಗ ಬಸವರಾಜ್ ಗೌಡನಿಗೆ ಶಾಲು ಹೊದಿಸಿದರು. ಆತ ಕಂಪ್ಲಿಯಲ್ಲಿ ನಾಟಿ ಮಾಡುವ ಯಂತ್ರಗಳನ್ನು ಬಾಡಿಗೆಗೆ ಬಿಡುವವ, ವಯಸ್ಸು ಐವತ್ತರ ಹತ್ತಿರ. ಅಜ್ಜ ಕವಿಯೆಂದು ಹೋದ ತಿಂಗಳು ಪತ್ರ ಬಂದಾಗಲೇ ಅವನಿಗೂ ಗೊತ್ತಾದದ್ದು. ಬೇಡವೆನ್ನಲು ಮನಸ್ಸಾಗದೆ, ನಂಬಲು ಧೈರ್ಯ ಸಾಲದೆ, ಶಾಲಿನೊಳಗೆ ಬೆವರುತ್ತ ಕೂತ.

ಆಮೇಲೆ ಎರ್ರೆಮ್ಮನ ಗುಂಪು ವೇದಿಕೆ ಹತ್ತಿತು. ಅವಳು ಮೈಕನ್ನು ಪಕ್ಕಕ್ಕೆ ಸರಿಸಿದಳು. ಜಮಖಾನೆ ಸುತ್ತಿಡಿಸಿದಳು. ಹತ್ತೊಂಬತ್ತು ಹೆಂಗಸರು ಸೀರೆ ಎತ್ತಿ ಕಟ್ಟಿ ಒಂದು ಸಾಲಾಗಿ ಬಗ್ಗಿದರು. ಎಡಗೈಯಲ್ಲಿ ಇಲ್ಲದ ಸಸಿ ಹಿಡಿದು, ಬಲಗೈಯಿಂದ ನೆಲಕ್ಕೆ ಊರುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು. ಎರ್ರೆಮ್ಮ ಎತ್ತಿದಳು.

*ಕಾಲುವಿ ನೀರು ಕರದಾವ ಕಂಪ್ಲೀಗೆ*
*ಬೆನ್ನ ಬಾಗಿಸಿ ಬರ್ರವ್ವ, ಹಸುರನ್ನ*
*ಹೊಲಿಯೂನು ಕೆಸರ ಸೆರಗೀಗೆ*

ಆಮೇಲೆ ಆದದ್ದನ್ನು ಕಡಿಮೆ ಮಾಡಿಯೇ ಹೇಳಬೇಕು. ಫ್ಯಾನುಗಳು ಉಲ್ಟಾ ತಿರುಗಿದವು. ಬಸವಕುಮಾರನ ಗ್ರಂಥದ ಹಾಳೆಗಳು ತಾವೇ ಮಗುಚಿದವು. ಹೊರಗೆ ಮಿರ್ಚಿ ಕರಿಯುತ್ತಿದ್ದವನ ಬಾಣಲೆಯಲ್ಲಿ ಎಣ್ಣೆ ಸುಮ್ಮನಾಗಿ ಕೇಳಿಸಿಕೊಂಡಿತು. ಕಡೆಯ ನುಡಿ ಬಂತು. ಎರ್ರೆಮ್ಮ ಬಗ್ಗಿದಲ್ಲಿಂದಲೇ ಕತ್ತು ಎತ್ತಿ ನೋಡಿದಳು. ವೇದಿಕೆಯ ಅಂಚಿನಲ್ಲಿ ಮಾತು ಕೊಟ್ಟ ಪ್ರಕಾರ ಬಸವಕುಮಾರ್ ನಿಂತಿದ್ದ.

*ಬದುವಿನ ಮ್ಯಾಲ ನಿಂತಾನ ಬಂಗಾರ*
*ಬಸವಕುಮಾರನ ಕೈ ನೋಡಿ ನಾವೀಗ*
*ಕೆಸರಾಗಿನ ಕಾಲು ಕಿತ್ತೇವು*

ಹಾಡು ನಿಂತಿತು. ಹತ್ತೊಂಬತ್ತು ಬಲಗೈಗಳು ಆತನ ಕಡೆ ಚಾಚಿದವು. ಒಂದು ಬೆನ್ನೂ ಏಳಲಿಲ್ಲ.

"ಇದೇನಮ್ಮಾ, ನನ್ನ ಹೆಸರು?"

"ಹೌದ್ರಿ. ಇವತ್ತಿನಿಂದ ಈ ಹಾಡು ಕಟ್ಟಿದವರು ನೀವ. ಬರಕೋರಿ. ಕೊಪ್ಪಳದವ್ರು ಕರದ್ರ ಕೊಪ್ಪಳದವ್ರು ಕಟ್ಟಿದ್ದು, ಸಂಡೂರಿನವ್ರು ಕರದ್ರ ಸಂಡೂರಿನವ್ರು ಕಟ್ಟಿದ್ದು. ಯಾವಾನೂ ಕರೀಲಿಲ್ಲಂದ್ರ ನಮ್ಮವ್ವ ವಿರುಪಮ್ಮ ಕಟ್ಟಿದ್ದು."

ಸಭೆ ನಕ್ಕಿತು. ಬಸವಕುಮಾರನ ಕಿವಿ ಕೆಂಪಾಯಿತು. ಆದರೆ ಆತ ಸುಲಭಕ್ಕೆ ಸೋಲುವ ಕುಳವಲ್ಲ. ಅಷ್ಟು ದಪ್ಪದ ಪುಸ್ತಕ ಬರೆದವರು ಯಾರೂ ಅಲ್ಲ.

"ಸರಿ," ಎಂದ, ಸಭೆಗೆ ಕೇಳುವ ಹಾಗೆ. "ಕಡೆಯ ಹೆಸರು ಹೊಲದ ಯಜಮಾನನದು ಎಂದಿಟ್ಟುಕೊಳ್ಳೋಣ. ಹಾಗಾದರೆ ಅದೇ ಟೇಪಿನ ಇನ್ನೊಂದು ಮಗ್ಗುಲಿನ ಹಾಡು? ಅಲ್ಲಿ ಅಂಕಿತ ಒಬ್ಬ ಹೆಣ್ಣಿನದು. ಆ ಕಾಲದಲ್ಲಿ ಯಾವ ಹೆಂಗಸಿನ ಹೆಸರಿಗೆ ಹೊಲ ಇತ್ತು? ಇದು ಲೋಕಕ್ಕೆ ತಿಳಿಯದ ಒಬ್ಬ ಅನುಭಾವಿ. ಅವಳ ಬಗ್ಗೆ ನಾನು ಅರವತ್ತು ಪುಟ ಬರೆದಿದ್ದೇನೆ." ಕಣ್ಣು ಮುಚ್ಚಿ, ಭಕ್ತಿಯಿಂದ ಹೇಳಿದ:

*ಹಗಲೆಲ್ಲ ನುಂಗ್ಯಾಳ, ಇರುಳೆಲ್ಲ ಮೆಲಕ್ಯಾಳ*
*ಕಟ್ಟಿದ ಗೂಟ ಕೀಳದಲೆ ಕೆಂಚವ್ವ*
*ಕೊಟ್ಟಾಳ ಹಾಲ ಕೇಳದಲೆ*

"ಹಗಲಿನ ಅನುಭವವನ್ನು ಇರುಳು ಧ್ಯಾನದಲ್ಲಿ ಮೆಲುಕು ಹಾಕುವವಳು! ದೇಹವೆಂಬ ಗೂಟದಲ್ಲಿದ್ದೂ ಕರುಣೆಯ ಹಾಲು ಕೊಡುವವಳು! ಈ ಕೆಂಚವ್ವ ಯಾರಮ್ಮ ಹಾಗಾದರೆ?"

ಮೊದಲು ದುರ್ಗಕ್ಕನ ಬೆನ್ನು ಅಲುಗಿತು. ಆಮೇಲೆ ಪಕ್ಕದವಳದು. ಬಗ್ಗಿದ ಸಾಲು ಪೂರ್ತಿ ಗಾಳಿಗೆ ಸಿಕ್ಕ ಪೈರಿನ ಹಾಗೆ ಅಲುಗತೊಡಗಿತು. ಎರ್ರೆಮ್ಮ ನಗಲಿಲ್ಲ. ಶಾಲು ಹೊದ್ದವನ ಕಡೆ ಮುಖ ಮಾಡಿದಳು.

"ಸಣ್ಣಗೌಡ್ರ, ಕೆಂಚವ್ವ ಯಾರು? ನೀವ ಹೇಳ್ರಿ. ನಿಮ್ಮಜ್ಜನ ಆಣಿ ಐತಿ."

ಬಸವರಾಜ್ ಗೌಡ ಎದ್ದು ನಿಂತ. ಶಾಲನ್ನು ಹೆಗಲಿಂದ ತೆಗೆದು ಮಡಿಸಿದ. ಇನ್ನೊಮ್ಮೆ ಮಡಿಸಿದ.

"ನಮ್ಮನಿ ಎಮ್ಮಿ ರೀ ಸರ," ಎಂದ. "ಕೆಂಚು ಮೈ ಇತ್ತು, ಅದಕ್ಕ ಕೆಂಚವ್ವ. ನಾ ಅದರ ಹಾಲು ಕುಡದ ಬೆಳದೀನ್ರಿ."



"ಮೊದಲ ದಿನ ಟೇಪಿನ ಡಬ್ಬಿ ನೋಡಿ ನಿಮ್ಮಜ್ಜ ಬುಟ್ಟಿ ತುಂಬ ಬೆಲ್ಲ ತಂದ," ಎಂದಳು ಎರ್ರೆಮ್ಮ. "ಎರಡನೇ ದಿನ ಡಬ್ಬಿ ಮುಚ್ಯಾರ ಅನ್ಕೊಂಡು ಬರಿಗೈಲೆ ಬಂದ. ನಿನಗಿಂತ ನಿನ್ನ ಎಮ್ಮಿ ಚಲೋ, ಕೇಳದ ಕೊಡ್ತೈತಿ ಅಂತ ನಮ್ಮವ್ವ ಹಾಡಿದ್ಲು. ಡಬ್ಬಿ ಮುಚ್ಚಿರಲಿಲ್ಲ."

ನಗು ಎದ್ದಿತು ನೋಡಿ. ತರ್ಜುಮೆ ಮಾಡುವವಳು ಹೊಟ್ಟೆ ಹಿಡಿದುಕೊಂಡು ಕೂತಿದ್ದರಿಂದ ಪರದೇಶಿಗಳಿಗೆ ನಗು ಹತ್ತು ನಿಮಿಷ ತಡವಾಗಿ ತಲುಪಿತು. ತಲುಪಿದಾಗ ಮಂಗೋಲಿಯಾದವನು ಎರಡು ದನಿಯಲ್ಲೂ ನಕ್ಕ. ಆ ಸದ್ದಿಗೆ ಸಂಡೂರಿನ ಗುಡ್ಡದಲ್ಲಿ ಅದಿರು ತೋಡುತ್ತಿದ್ದ ಯಂತ್ರಗಳು ನಿಂತವಂತೆ.

ಬಸವಕುಮಾರ್ ಮಾತ್ರ ನಗಲಿಲ್ಲ. "ಇದನ್ನು ಆಮೇಲೆ ಚರ್ಚಿಸೋಣ. ಈಗ ಊಟದ ಸಮಯ. ಏಳಿ ಅಮ್ಮಾ."

"ಬದುವಿನ ಮ್ಯಾಲ ನಿಂತವ್ರು ಕೊಡದ ಹ್ಯಾಂಗ ಏಳೂದ್ರಿ?"

"ಏನು ಕೊಡಬೇಕು?"

"ಎಲಿ ಬ್ಯಾಡ, ಅಡಿಕಿ ಬ್ಯಾಡ, ಬೆಲ್ಲ ಬ್ಯಾಡ. ನಮ್ಮವ್ವನ ಹೆಸರು ಬರೀರಿ."

"ಸಮಿತಿ ಸೇರಬೇಕು, ಪರಿಶೀಲನೆ ಆಗಬೇಕು..."

"ಸೇರಲಿ. ಆಗಲಿ. ನಮಗೇನ್ ಅವಸರ ಇಲ್ಲ. ಲೇ ದುರ್ಗಿ, ನಡ ನೋಯಾಕತ್ತೈತೇನ್?"

"ಮದುವಿ ಆದಾಗಿಂದ ಬಗ್ಗೇ ಇದೀನಿ ಯಕ್ಕ. ನೆಟ್ಟಗ ನಿಂತ್ರನ ನೋಯ್ತೈತಿ!"

ಹೊರಗೆ ಒಗ್ಗರಣೆ ಮಂಡಕ್ಕಿ ಆರತೊಡಗಿತು. ಒಬ್ಬರೂ ಊಟಕ್ಕೆ ಏಳಲಿಲ್ಲ. ಮೊದಲ ಸಾಲಿನಿಂದ ಮಂಗೋಲಿಯಾದವನು ಎದ್ದು ಬಂದು, ದುರ್ಗಕ್ಕನ ಪಕ್ಕದಲ್ಲಿ ತಾನೂ ಬಗ್ಗಿ ಕೈ ಚಾಚಿದ. "ನಿನ್ನ ಹೊಟ್ಟಿಯಾಗಿನಾವ್ನಿಗೂ ಬಗ್ಗು ಅನ್ನಪ್ಪ," ಎಂದಳು ದುರ್ಗಕ್ಕ. ಆಮೇಲೆ ಇನ್ನೊಬ್ಬರು, ಇನ್ನಿಬ್ಬರು. ಕಡೆಗೆ ಬಸವರಾಜ್ ಗೌಡ ಮಡಿಸಿದ ಶಾಲನ್ನು ಕುರ್ಚಿಯ ಮೇಲಿಟ್ಟು ಬಂದು, ಹೊಟ್ಟೆ ಅಡ್ಡ ಬಂದರೂ ಆದಷ್ಟು ಬಗ್ಗಿದ. ಅವರ ವಂಶದಲ್ಲಿ ಆ ಸಾಲಿಗೆ ಇಳಿದವನು ಅವನೇ ಮೊದಲಿಗ.

ಬಸವಕುಮಾರ್ ನೋಡಿದ. ಸಭೆಯಲ್ಲಿ ನೆಟ್ಟಗೆ ನಿಂತಿದ್ದವನು ತಾನೊಬ್ಬನೇ. ಸುಮಂಗಲಾಳನ್ನು ಕರೆದು ಟೇಪಿನ ಕಾರ್ಡು ತರಿಸಿದ. ಹಳೆಯ ಎರಡು ಸಾಲು ಹೊಡೆದುಹಾಕಿ, ಕೆಳಗೆ ವಿರುಪಮ್ಮನ ಹೆಸರು ಬರೆದು, ಎರ್ರೆಮ್ಮನ ಮುಖದ ಮುಂದೆ ಹಿಡಿದ.

ಎರ್ರೆಮ್ಮನಿಗೆ ಅಕ್ಷರ ಬರುವುದಿಲ್ಲ. ಆದರೆ ನಲವತ್ತು ವರ್ಷ ಭತ್ತದ ಸಾಲು ನೋಡಿದ ಕಣ್ಣು. ಸಾಲಿನಲ್ಲಿ ಒಂದು ಕಳೆ ಇದ್ದರೂ ಬಿಡುವುದಿಲ್ಲ. ಹೆಸರಿನ ಕೊನೆಯಲ್ಲಿ ಬೆರಳಿಟ್ಟಳು.

"ಇದು ಏನ್ರಿ, ಕುಡುಗೋಲಿನಂಗ ಐತಲ್ಲ, ಕೆಳಗ ಒಂದು ಕಾಳು ಉದುರಿಸಿ?"

"ಅದು ಪ್ರಶ್ನೆಯ ಗುರುತು ದೊಡ್ಡವ್ವ," ಎಂದಳು ಸುಮಂಗಲಾ, ಬಸವಕುಮಾರ್ ಬಾಯಿ ತೆರೆಯುವ ಮೊದಲೇ. "ವಿರುಪಮ್ಮ ಇರಬಹುದೋ ಏನೋ, ಅಂತ ಅರ್ಥ."

"ತಗೀರಿ. ನಾಟಿಯ ದಿನ ಹೊಲದಾಗ ಕುಡುಗೋಲಿಗೇನ್ ಕೆಲಸ?"

"ಅಮ್ಮಾ, ನೂರಕ್ಕೆ ನೂರು ಆಧಾರ ಇಲ್ಲದೆ..."

ಆತನ ಮಾತು ಮುಗಿಯಲಿಲ್ಲ. ಸುಮಂಗಲಾ ಕಂಪ್ಯೂಟರಿನ ಮುಂದೆ ಹೋಗಿ ಕೂತಿದ್ದಳು. ಆತ ಬೇಡವೆಂದು ಕೈ ಎತ್ತಿದ. ಅವಳು ಆ ಕೈಯನ್ನು ನೋಡಿಯೂ ಮೂಲ ಪ್ರತಿಯನ್ನು ಒತ್ತಿದಳು.

ಸಭೆಯ ಎಂಟು ಸ್ಪೀಕರುಗಳಿಂದ ಗಾಳಿ ಬೀಸಿತು. ಕೆಸರು ಪಚಕ್ ಎಂದಿತು. ಮುಂದಿನ ಸಾಲಿನವರು ಕಾಲು ಎತ್ತಿಕೊಂಡರು.

"ಲೇ ಎರ್ರೀ! ಸಸಿ ಒಗಿಯೇ ಇತ್ತಾಗ! ಕತ್ತಿ ಕಾಯ್ತೀಯೇನ್ ಅಲ್ಲಿ ನಿಂತು?"

"ಒಗದೆ ಬೇ ಯವ್ವಾ!"

ಅದು ಟೇಪಿನಲ್ಲಿರಲಿಲ್ಲ. ಬಗ್ಗಿದ್ದ ಎರ್ರೆಮ್ಮನ ಬಾಯಿಂದ ಅವಳಿಗೇ ಅರಿವಿಲ್ಲದೆ ಬಂದಿತ್ತು, ಹನ್ನೆರಡು ವರ್ಷದ ಹುಡುಗಿಯ ದನಿಯಲ್ಲಿ. ಎಡಗೈಯಲ್ಲಿದ್ದ ಇಲ್ಲದ ಸಸಿಯನ್ನು ಅವಳು ಎಸೆದೂ ಬಿಟ್ಟಿದ್ದಳು.

ಯಾರೂ ನಗಲಿಲ್ಲ. ಹಾಡು ಮೊದಲಿನಿಂದ ಕಡೆಯವರೆಗೆ ಸಾಗಿತು, ಗಾದಿಲಿಂಗಪ್ಪನ ಹೆಸರು ಬಂದು ಹೋಯಿತು. ಬಸವಕುಮಾರ್ ಅಂಚಿನಲ್ಲಿ ನಿಂತು ತನ್ನ ಕೈಯ ಕಾರ್ಡನ್ನು ನೋಡುತ್ತಿದ್ದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಕುಡುಗೋಲನ್ನೂ ಅದರ ಕೆಳಗಿನ ಕಾಳನ್ನೂ ಕಾಣದ ಹಾಗೆ ತಿದ್ದಿ, ಎರ್ರೆಮ್ಮನಿಗೆ ತೋರಿಸಲು ಸೊಂಟ ಬಗ್ಗಿಸಿದ.

ಅವಳು ಸಾಲನ್ನು ಎಡದಿಂದ ಬಲಕ್ಕೆ ನೋಡಿದಳು. ಕಳೆ ಇರಲಿಲ್ಲ.

"ಏಳ್ರೇ," ಎಂದಳು. ಹತ್ತೊಂಬತ್ತು ಹೆಂಗಸರು ಹೊಸಪೇಟೆಯ ಸಿಮೆಂಟು ನೆಲದಿಂದ ಒಂದೇ ಸಲಕ್ಕೆ ಕಾಲು ಕಿತ್ತರು, ಪಚಕ್ ಎಂದು. ಅದು ಸ್ಪೀಕರಿನ ಸದ್ದು ಎಂದು ಈಗಲೂ ಕೆಲವರು ವಾದಿಸುತ್ತಾರೆ. ಸ್ಪೀಕರು ಆಗಲೇ ಆಫಾಗಿತ್ತು.